ಯುದ್ಧರಂಗದ ಗಣಿತ: ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಕಾರ್ಯಾಚರಣಾ ಸಂಶೋಧನೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತಿನಲ್ಲಿ ಕಂಡವರಿಗೆ ಅಲ್ಲಿನ ಗಡಿಬಿಡಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಸುತ್ತಣ ಹಳ್ಳಿಗಳಿಂದ ರೈತರು ಗೂಡುಗಳನ್ನು ತಂದು ಸುರಿದಿರುತ್ತಾರೆ. ನೂಲು ಬಿಚ್ಚುವವರು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಕಟ್ಟುತ್ತಾರೆ. ಇಲ್ಲಿ ಎಲ್ಲರಿಗೂ ಒಂದೇ ಅವಸರ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಿದ್ದರೆ ಗೂಡು ತೂತಾಗುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಿ ಬರುವುದಿಲ್ಲ. ಆದುದರಿಂದ ಕೆಲವೇ ದಿವಸಗಳೊಳಗೆ ಗೂಡು ಮಾರಾಟವಾಗಬೇಕು, ಬೇಯಬೇಕು, ಬಿಚ್ಚಲ್ಪಡಬೇಕು.

ಈಗ ಒಂದು ಪ್ರಶ್ನೆಯನ್ನು ಕೇಳೋಣ. ಮಾರುಕಟ್ಟೆಯಲ್ಲಿ ಎಷ್ಟು ತಕ್ಕಡಿಗಳಿರಬೇಕು? ಕಡಮೆಯಿದ್ದರೆ ರೈತರು ಸಾಲಿನಲ್ಲಿ ನಿಂತು ಹೊತ್ತು ಕಳೆಯುತ್ತಾರೆ. ಹೆಚ್ಚಾಗಿದ್ದರೆ ತೂಕ ಮಾಡುವವರು ಕೈಕಟ್ಟಿ ಕುಳಿತಿರುತ್ತಾರೆ. ನೂಲಿನ ಗುಣವನ್ನು ಉತ್ತಮಪಡಿಸುವುದು ರೇಷ್ಮೆಶಾಸ್ತ್ರದ ಕೆಲಸ. ನಿಖರವಾದ ತಕ್ಕಡಿಯನ್ನು ಮಾಡುವುದು ಯಂತ್ರಶಿಲ್ಪಿಯ ಕೆಲಸ. ಆದರೆ ಇರುವ ತಕ್ಕಡಿ, ಇರುವ ಜನ, ಇರುವ ಹೊತ್ತು, ಇವುಗಳನ್ನೇ ಬಳಸಿಕೊಂಡು ಅತ್ಯಂತ ಹೆಚ್ಚಿನ ಫಲವನ್ನು ಪಡೆಯುವುದು ಹೇಗೆ ಎಂಬುದು ಯಾರ ಕೆಲಸ? ಈ ಬಗೆಯ ಪ್ರಶ್ನೆಗಳಿಗಾಗಿಯೇ ಹುಟ್ಟಿದ ಶಾಸ್ತ್ರವೊಂದುಂಟು. ಅದಕ್ಕೆ ಆಪರೇಷನ್ಸ್ ರಿಸರ್ಚ್, ಎಂದರೆ ಕಾರ್ಯಾಚರಣಾ ಸಂಶೋಧನೆ ಎಂದು ಹೆಸರು. ಇಂದು ಕಾರ್ಖಾನೆ, ರೈಲ್ವೆ, ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿರುವ ಈ ಶಾಸ್ತ್ರ ಹುಟ್ಟಿದ್ದು ಮಾರುಕಟ್ಟೆಯಲ್ಲಲ್ಲ, ಯುದ್ಧರಂಗದಲ್ಲಿ. ಅದನ್ನು ಬೆಳೆಸಿದವರಲ್ಲಿ ಅಗ್ರಗಣ್ಯನಾದ ಪ್ಯಾಟ್ರಿಕ್ ಬ್ಲ್ಯಾಕೆಟ್ ಎಂಬ ವಿಜ್ಞಾನಿಯ ಬಾಳು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಏಕೆಂದರೆ ಸ್ವತಂತ್ರ ಭಾರತದ ರಕ್ಷಣಾ ವಿಜ್ಞಾನಕ್ಕೂ ಆತನಿಗೂ ನಿಕಟವಾದ ಸಂಬಂಧವಿದೆ.

ನಾವಿಕನು ವಿಜ್ಞಾನಿಯಾದುದು

ಬ್ಲ್ಯಾಕೆಟ್ ಹುಟ್ಟಿದ್ದು 1897ರ ನವೆಂಬರ್ 18ರಂದು, ಲಂಡನ್ನಿನಲ್ಲಿ. ಬಾಲ್ಯದಲ್ಲಿಯೇ ನೌಕಾಪಡೆಯ ಶಾಲೆಗೆ ಸೇರಿದ ಆತನಿಗೆ ಹದಿನಾರು ತುಂಬಿ ಹದಿನೇಳು ನಡೆಯುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. 1914ರ ಫಾಕ್ಲೆಂಡ್ ಕದನದಲ್ಲಿಯೂ 1916ರ ಜಟ್ಲೆಂಡ್ ಕದನದಲ್ಲಿಯೂ ಆತನು ಯುದ್ಧನೌಕೆಗಳಲ್ಲಿದ್ದನು. ಗುಂಡುಗಳು ಗುರಿ ತಪ್ಪುವುದನ್ನೂ ಹಡಗುಗಳು ಮುಳುಗುವುದನ್ನೂ ಕಣ್ಣಾರೆ ಕಂಡ ಈ ಅನುಭವ ಮುಂದೆ ಆತನಿಗೆ ಬಹಳ ಉಪಯೋಗಕ್ಕೆ ಬಂದಿತು. ಸೈನಿಕರ ಭಾಷೆ ಆತನಿಗೆ ಗೊತ್ತಿತ್ತು.

1919ರಲ್ಲಿ ನೌಕಾಪಡೆಯೇ ಆತನನ್ನು ಕೆಲವು ತಿಂಗಳ ಅಭ್ಯಾಸಕ್ಕೆಂದು ಕೇಂಬ್ರಿಜ್ಜಿಗೆ ಕಳುಹಿಸಿತು. ಅಲ್ಲಿನ ಪ್ರಯೋಗಶಾಲೆಯನ್ನು ಕಂಡ ತರುಣನು ನೌಕಾಪಡೆಗೆ ರಾಜೀನಾಮೆಯಿತ್ತು ಭೌತಶಾಸ್ತ್ರಕ್ಕೆ ಸೇರಿಕೊಂಡನು. ರುದರ್‌ಫರ್ಡನ ಕೈಕೆಳಗೆ ಆತನು ಮಾಡಿದ ಮೊದಲ ದೊಡ್ಡ ಕೆಲಸವೇ ತಾಳ್ಮೆಯ ಲೆಕ್ಕಕ್ಕೆ ಒಂದು ಉದಾಹರಣೆ. ಆಲ್ಫಾ ಕಣವೊಂದು ಸಾರಜನಕದ ಬೀಜಕ್ಕೆ ಬಡಿದಾಗ ಏನಾಗುತ್ತದೆಂಬುದನ್ನು ಮೇಘಕೋಷ್ಠದಲ್ಲಿ ಚಿತ್ರಿಸಬೇಕಾಗಿತ್ತು. ಸುಮಾರು 23,000 ಚಿತ್ರಗಳನ್ನು ತೆಗೆದು, ನಾಲ್ಕು ಲಕ್ಷದಷ್ಟು ಕಣಗಳ ಜಾಡುಗಳನ್ನು ಪರೀಕ್ಷಿಸಿದಾಗ, ಬೇಕಾದ ಘಟನೆ ಎಂಟು ಜಾಡುಗಳಲ್ಲಿ ಮಾತ್ರ ಕಂಡಿತು. ಆ ಎಂಟೇ ಸಾಕಾಯಿತು. ಒಂದು ಧಾತು ಮತ್ತೊಂದಾಗುವುದನ್ನು ಜಗತ್ತು ಮೊದಲ ಬಾರಿಗೆ ಚಿತ್ರದಲ್ಲಿ ನೋಡಿತು. ಮೇಘಕೋಷ್ಠದ ಈ ಕೆಲಸಕ್ಕಾಗಿಯೂ ವಿಶ್ವಕಿರಣಗಳ ಸಂಶೋಧನೆಗಾಗಿಯೂ ಆತನಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗುಂಡುಗಳ ಲೆಕ್ಕ

1930ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರಡಾರ್ ಯಂತ್ರ ಸಿದ್ಧವಾಗುತ್ತಿತ್ತು. ಯಂತ್ರವು ಚೆನ್ನಾಗಿ ಕೆಲಸ ಮಾಡಿದರೂ ಅದು ಕೊಟ್ಟ ಸುದ್ದಿಯನ್ನು ಸೈನ್ಯವು ಸರಿಯಾಗಿ ಬಳಸಿಕೊಳ್ಳುತ್ತಿರಲಿಲ್ಲ. ಯಂತ್ರದ ಸಂಶೋಧನೆ ಮಾತ್ರ ಸಾಲದು, ಅದನ್ನು ಬಳಸುವ ಕಾರ್ಯಾಚರಣೆಯ ಮೇಲೆಯೂ ಸಂಶೋಧನೆ ನಡೆಯಬೇಕೆಂದು 1938ರಲ್ಲಿ ಅಲ್ಲಿನ ವಿಜ್ಞಾನಿಗಳು ನಿಶ್ಚಯಿಸಿದರು. ಶಾಸ್ತ್ರದ ಹೆಸರು ಹುಟ್ಟಿದ್ದು ಹೀಗೆ.

1940ರಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ರಾತ್ರಿಯೆಲ್ಲ ಬಾಂಬು ಸುರಿಸುತ್ತಿದ್ದಾಗ, ವಿಮಾನ ಹೊಡೆಯುವ ಫಿರಂಗಿದಳಕ್ಕೆ ಬ್ಲ್ಯಾಕೆಟ್ಟನು ಸಲಹೆಗಾರನಾದನು. ಆತನು ಕಟ್ಟಿದ ತಂಡವನ್ನು ಜನರು ತಮಾಷೆಗಾಗಿ ‘ಬ್ಲ್ಯಾಕೆಟ್ಟನ ಸರ್ಕಸ್’ ಎಂದು ಕರೆದರು. ಹಾಗೆ ಕರೆಯಲು ಕಾರಣವೂ ಇತ್ತು. ಅದರಲ್ಲಿ ಶರೀರಶಾಸ್ತ್ರಜ್ಞರು, ಗಣಿತಜ್ಞರು, ಭೌತಶಾಸ್ತ್ರಜ್ಞರು, ಒಬ್ಬ ಖಗೋಳಜ್ಞ, ಒಬ್ಬ ಭೂಮಾಪಕ, ಒಬ್ಬ ಸೇನಾಧಿಕಾರಿ, ಹೀಗೆ ಬಗೆಬಗೆಯ ಜನರಿದ್ದರು. ಫಿರಂಗಿಶಾಸ್ತ್ರದಲ್ಲಿ ಪಂಡಿತರು ಅವರಲ್ಲಿ ಬಹುಮಂದಿ ಇರಲಿಲ್ಲ. ಅವರಿಗೆ ಗೊತ್ತಿದ್ದುದು ಅಂಕಿಗಳನ್ನು ಸಂಗ್ರಹಿಸಿ ಅವುಗಳಿಂದ ಅರ್ಥವನ್ನು ಹೊರಡಿಸುವ ವಿದ್ಯೆ.

ಅವರು ಮೊದಲು ಕೇಳಿದ ಪ್ರಶ್ನೆ ತೀರ ಸರಳವಾದುದು: ಒಂದು ವಿಮಾನವನ್ನು ಉರುಳಿಸಲು ಎಷ್ಟು ಗುಂಡುಗಳು ಖರ್ಚಾಗುತ್ತಿವೆ? ದಾಳಿಯ ಆರಂಭದಲ್ಲಿ ಉತ್ತರವು 20,000ಕ್ಕೂ ಮಿಕ್ಕಿತ್ತು. ರಡಾರಿನ ಸುದ್ದಿಯು ಫಿರಂಗಿಗೆ ತಲಪುವ ಕ್ರಮವನ್ನು ತಿದ್ದಿ, ಸಿಪಾಯಿಗಳಿಗೆ ಶಿಕ್ಷಣವಿತ್ತು, ಸಲಕರಣೆಗಳನ್ನು ಸರಿಪಡಿಸಿದ ಮೇಲೆ, ಮುಂದಿನ ವರ್ಷದ ಬೇಸಗೆಯ ವೇಳೆಗೆ ಅದು 4,000ದಷ್ಟಕ್ಕೆ ಇಳಿಯಿತು.

ಈ ಲೆಕ್ಕದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಕಡಲತೀರದ ಫಿರಂಗಿಗಳು ಒಳನಾಡಿನ ಫಿರಂಗಿಗಳು ಖರ್ಚುಮಾಡುವ ಗುಂಡುಗಳ ಅರ್ಧದಷ್ಟರಲ್ಲಿಯೇ ವಿಮಾನವನ್ನು ಉರುಳಿಸುತ್ತಿದ್ದುವು! ತೀರದ ಸಿಪಾಯಿಗಳು ಹೆಚ್ಚು ಜಾಣರೇ? ಸಮುದ್ರದ ಮೇಲೆ ರಡಾರ್ ಚೆನ್ನಾಗಿ ನಡೆಯುತ್ತದೆಯೇ? ಶತ್ರುವು ಅಲ್ಲಿ ತಗ್ಗಿನಲ್ಲಿ ಹಾರುತ್ತಾನೆಯೇ? ತಂಡದವರು ಬಹಳ ತಲೆ ಕೆಡಿಸಿಕೊಂಡರು. ಕೊನೆಗೆ ಬ್ಲ್ಯಾಕೆಟ್ಟನಿಗೆ ಥಟ್ಟನೆ ಉತ್ತರ ಹೊಳೆಯಿತು. ನೆಲದ ಮೇಲೆ ‘ವಿಮಾನವನ್ನು ಉರುಳಿಸಿದೆವು’ ಎಂದವರು ಅದರ ಅವಶೇಷವನ್ನು ತೋರಿಸಬೇಕು. ಕಡಲಿಗೆ ಬಿದ್ದ ವಿಮಾನವನ್ನು ಯಾರು ತೋರಿಸಬಲ್ಲರು? ತೀರದವರು ಸುಳ್ಳುಗಾರರೇನೂ ಅಲ್ಲ; ಆದರೆ ಪರೀಕ್ಷಿಸುವವರಿಲ್ಲದ ಕಡೆ ಲೆಕ್ಕವು ತಾನಾಗಿಯೇ ಉಬ್ಬುತ್ತದೆ. ಅಂಕಿಯನ್ನು ನಂಬುವ ಮೊದಲು ಆ ಅಂಕಿಯು ಹೇಗೆ ಬಂದಿತೆಂದು ಕೇಳಬೇಕು ಎಂಬುದು ಈ ಶಾಸ್ತ್ರದ ಮೊದಲನೆಯ ಪಾಠ.

ಇಪ್ಪತ್ತೈದು ಅಡಿಯ ಗುಟ್ಟು

1941ರಲ್ಲಿ ಬ್ಲ್ಯಾಕೆಟ್ಟನು ಕರಾವಳಿ ವಿಮಾನದಳಕ್ಕೆ ಬಂದನು. ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಅನ್ನ ಒಯ್ಯುವ ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲವದು. ವಿಮಾನಗಳು ಜಲಾಂತರ್ಗಾಮಿಯನ್ನು ಕಂಡು ಸಿಡಿಮದ್ದಿನ ಪೀಪಾಯಿಗಳನ್ನು ಎಸೆಯುತ್ತಿದ್ದುವು. ಅವು ನೀರಿನಲ್ಲಿ 100 ಅಡಿ ಇಳಿದ ಮೇಲೆ ಸಿಡಿಯುವಂತೆ ಗೊತ್ತುಪಡಿಸಲಾಗಿತ್ತು. ಇದಕ್ಕೆ ಹೇಳುತ್ತಿದ್ದ ತರ್ಕ ಹೀಗೆ: ವಿಮಾನವನ್ನು ಕಂಡ ಕೂಡಲೆ ಜಲಾಂತರ್ಗಾಮಿಯು ಮುಳುಗುತ್ತದೆ; ವಿಮಾನವು ಅದರ ಮೇಲಕ್ಕೆ ಬರುವಷ್ಟರಲ್ಲಿ ಅದು ಸುಮಾರು 100 ಅಡಿ ಇಳಿದಿರುತ್ತದೆ.

ತಂಡದಲ್ಲಿದ್ದ ಇ. ಜೆ. ವಿಲಿಯಮ್ಸ್ ಎಂಬ ಭೌತಶಾಸ್ತ್ರಜ್ಞನು ಈ ತರ್ಕದಲ್ಲಿ ಅಡಗಿದ್ದ ದೋಷವನ್ನು ಹಿಡಿದನು. ಜಲಾಂತರ್ಗಾಮಿಯು ಮುಂಚೆಯೇ ಮುಳುಗಿದ್ದರೆ ಅದು 100 ಅಡಿ ಆಳದಲ್ಲಿರುವುದು ನಿಜ. ಆದರೆ ಆಗ ಅದು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಮೇಲಿನವರಿಗೆ ಕಾಣದು; ಸಿಡಿಮದ್ದು ಎಲ್ಲಿಯೋ ಬಿದ್ದು ವ್ಯರ್ಥವಾಗುತ್ತದೆ. ಅದು ಇನ್ನೂ ನೀರಿನ ಮೇಲೆ ಇರುವಾಗ, ಇಲ್ಲವೆ ಆಗತಾನೆ ಮುಳುಗುತ್ತಿರುವಾಗ, ಅದರ ಜಾಗವು ಖಚಿತವಾಗಿ ಗೊತ್ತಿರುತ್ತದೆ. ಆದರೆ ಆಗ 100 ಅಡಿ ಕೆಳಗೆ ಸಿಡಿದ ಮದ್ದು ಅದಕ್ಕೆ ತಾಕುವುದಿಲ್ಲ. ಎಂದರೆ, ಹೊಡೆಯಲು ಸಾಧ್ಯವಿದ್ದ ಗುರಿಯನ್ನು ಬಿಟ್ಟು, ಹೊಡೆಯಲಾಗದ ಗುರಿಗೆ ಆಳವನ್ನು ಹೊಂದಿಸಿದ್ದರು! ಮದ್ದು 25 ಅಡಿ ಆಳದಲ್ಲಿ ಸಿಡಿಯುವಂತೆ ಮಾಡಬೇಕೆಂದು ಸಲಹೆಯಾಯಿತು. ಹೊಸ ವಿಮಾನವಿಲ್ಲ, ಹೊಸ ಮದ್ದಿಲ್ಲ. ಸಿಡಿಯುವ ಆಳವನ್ನು ಬದಲಿಸಿದ್ದಷ್ಟೆ. ದಾಳಿಯ ಫಲವು ಹಲವು ಪಟ್ಟು ಹೆಚ್ಚಿತು. ಸೆರೆಸಿಕ್ಕ ಜರ್ಮನ್ ನಾವಿಕರು ಬ್ರಿಟಿಷರು ಹೆಚ್ಚು ಶಕ್ತಿಯ ಹೊಸ ಸ್ಫೋಟಕವನ್ನು ಕಂಡುಹಿಡಿದಿರಬೇಕೆಂದು ನಂಬಿದ್ದರು.

ಬೇಲಿಯ ಲೆಕ್ಕ, ಹಡಗಿನ ಲೆಕ್ಕ

ಬ್ಲ್ಯಾಕೆಟ್ಟನ ತಂಡದ ಕೆಲಸಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು ತಿಳಿಯುವ ಮೊದಲು ಚಿಂತಾಮಣಿಯ ಕಡೆಯ ಒಂದು ಹೊಲಕ್ಕೆ ಬರೋಣ. ಚೌಕಾಕಾರದ ಒಂದು ಎಕರೆ ಹೊಲದ ಒಂದೊಂದು ಬದಿಯೂ ಸುಮಾರು 209 ಅಡಿ. ಸುತ್ತ ಬೇಲಿ ಹಾಕಲು 836 ಅಡಿ ತಂತಿ ಬೇಕು. ನಾಲ್ಕು ಎಕರೆಯ ಚೌಕ ಹೊಲಕ್ಕೆ ಎಷ್ಟು ಬೇಕು? ಬದಿಯು ಇಮ್ಮಡಿಯಾಗಿ 418 ಅಡಿಯಾಗುತ್ತದೆ. ಬೇಲಿ 1,672 ಅಡಿ. ನೆಲವು ನಾಲ್ಕು ಪಟ್ಟಾದರೂ ಬೇಲಿ ಎರಡೇ ಪಟ್ಟು. ಅದೇ ನಾಲ್ಕು ಎಕರೆಯು ನಾಲ್ಕು ಕಡೆ ತುಂಡುತುಂಡಾಗಿದ್ದರೆ 3,344 ಅಡಿ ತಂತಿ ಬೇಕಾಗುತ್ತಿತ್ತು. ತುಂಡು ಹಿಡುವಳಿಯ ರೈತನಿಗೆ ಈ ಕಷ್ಟ ಗೊತ್ತು.

ಅಟ್ಲಾಂಟಿಕ್ಕಿನಲ್ಲಿ ಸರಕು ಹಡಗುಗಳು ತಂಡವಾಗಿ ಹೋಗುತ್ತಿದ್ದುವು. ಅವುಗಳ ಸುತ್ತ ಯುದ್ಧನೌಕೆಗಳು ಬೆಂಗಾವಲಾಗಿ, ಬೇಲಿಯಂತೆ, ಸಾಗುತ್ತಿದ್ದುವು. ತಂಡದಲ್ಲಿ ಸುಮಾರು 40 ಹಡಗುಗಳಿರುವುದೇ ಕ್ಷೇಮವೆಂದೂ 60ಕ್ಕಿಂತ ಹೆಚ್ಚು ಕೂಡದೆಂದೂ ನೌಕಾಪಡೆಯ ನಂಬಿಕೆಯಾಗಿತ್ತು. ದೊಡ್ಡ ತಂಡವು ಶತ್ರುವಿನ ಬಾಯಿಗೆ ದೊಡ್ಡ ತುತ್ತಲ್ಲವೇ?

1942ರ ಆರಂಭದಿಂದ ನೌಕಾಪಡೆಯ ಪ್ರಧಾನ ಕಚೇರಿಯಲ್ಲಿದ್ದ ಬ್ಲ್ಯಾಕೆಟ್ಟನ ತಂಡದವರು ಹಳೆಯ ದಾಖಲೆಗಳನ್ನು ತಿರುವಿ ಹಾಕಿದರು. ಚಿಕ್ಕ ತಂಡಗಳಲ್ಲಿ ಸರಾಸರಿ 32 ಹಡಗುಗಳಿದ್ದು, ನಷ್ಟವು ನೂರಕ್ಕೆ 2.5ರಷ್ಟಿತ್ತು. ದೊಡ್ಡ ತಂಡಗಳಲ್ಲಿ ಸರಾಸರಿ 54 ಹಡಗುಗಳಿದ್ದು, ನಷ್ಟವು ನೂರಕ್ಕೆ 1.1ರಷ್ಟು ಮಾತ್ರ. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಲಿ: ಚಿಕ್ಕ ತಂಡವೊಂದಕ್ಕೆ ನಷ್ಟ 0.8 ಹಡಗು, ದೊಡ್ಡ ತಂಡವೊಂದಕ್ಕೆ 0.6. ಅಂದರೆ ತಂಡವು ಎಷ್ಟೇ ದೊಡ್ಡದಿರಲಿ, ಮುಳುಗುವ ಹಡಗುಗಳ ಸಂಖ್ಯೆ ಹೆಚ್ಚುಕಡಮೆ ಒಂದೇ.

ಅಂಕಿಗಳು ಹೀಗೆಂದವು. ಆದರೆ ಕಾರಣ ತಿಳಿಯದೆ ಅಂಕಿಯನ್ನಷ್ಟೇ ನೆಚ್ಚಿ ಸಾವಿರಾರು ಜನರ ಪ್ರಾಣವನ್ನು ಪಣಕ್ಕಿಡುವಂತಿಲ್ಲ. ಆದುದರಿಂದ ಅವರು ಕಾರಣವನ್ನು ಹುಡುಕಿದರು. ಕಾರಣಗಳು ಮೂರು ದೊರೆತವು. ಒಂದು, ಅಪಾರವಾದ ಸಾಗರದಲ್ಲಿ ದೊಡ್ಡ ತಂಡವಾಗಲಿ ಚಿಕ್ಕ ತಂಡವಾಗಲಿ ಶತ್ರುವಿನ ಕಣ್ಣಿಗೆ ಬೀಳುವ ಸಂಭವ ಹೆಚ್ಚುಕಡಮೆ ಸಮ. ಎರಡು, ಬೇಲಿಯನ್ನು ದಾಟಿ ಒಳನುಗ್ಗುವ ಸಂಭವವು ಬೇಲಿಯಲ್ಲಿ ಬೆಂಗಾವಲು ನೌಕೆಗಳು ಎಷ್ಟು ಒತ್ತೊತ್ತಾಗಿವೆ ಎಂಬುದನ್ನು ಅವಲಂಬಿಸಿದೆ. ಮೂರು, ಒಳನುಗ್ಗಿದ ಜಲಾಂತರ್ಗಾಮಿಗೆ ಗುರಿಗಳ ಕೊರತೆ ಎಂದೂ ಇಲ್ಲ. ಅದರ ಬಳಿಯ ಟಾರ್ಪೀಡೊಗಳು ಎಷ್ಟೋ, ಹೊಡೆಯಲು ದೊರೆಯುವ ಹೊತ್ತು ಎಷ್ಟೋ, ಅಷ್ಟೇ ನಷ್ಟ.

ಈಗ ಬೇಲಿಯ ಲೆಕ್ಕವನ್ನು ನೋಡಿರಿ. 40 ಹಡಗುಗಳು 2 ಮೈಲಿ ತ್ರಿಜ್ಯದ ವೃತ್ತದಲ್ಲಿ ಹರಡಿವೆಯೆಂದೂ ಬೆಂಗಾವಲು ನೌಕೆಗಳು ಅವುಗಳಿಂದ 4 ಮೈಲಿ ಹೊರಗೆ ಸಾಗುತ್ತಿವೆಯೆಂದೂ ಭಾವಿಸೋಣ. ಬೇಲಿಯ ತ್ರಿಜ್ಯ 6 ಮೈಲಿ, ಸುತ್ತಳತೆ 37.7 ಮೈಲಿ. ಹಡಗುಗಳು 80 ಆದರೆ ಒಳವೃತ್ತದ ವಿಸ್ತೀರ್ಣ ಇಮ್ಮಡಿಯಾಗಿ, ಅದರ ತ್ರಿಜ್ಯ 2.83 ಮೈಲಿಯಾಗುತ್ತದೆ, ಬೇಲಿಯ ತ್ರಿಜ್ಯ 6.83, ಸುತ್ತಳತೆ 42.9 ಮೈಲಿ. ಹಡಗುಗಳು ಇಮ್ಮಡಿಯಾದರೂ ಬೇಲಿ ಬೆಳೆದುದು ಏಳರಲ್ಲಿ ಒಂದು ಪಾಲು ಮಾತ್ರ! ಬ್ಲ್ಯಾಕೆಟ್ಟನ ತಂಡಕ್ಕೆ ದೊರೆತ ಪ್ರಮಾಣವೂ ಇದೇ ಆಗಿತ್ತು. ಎರಡು ಚಿಕ್ಕ ತಂಡಗಳಿಗೆ ಹಂಚಿದ್ದ ಬೆಂಗಾವಲನ್ನು ಒಂದೇ ದೊಡ್ಡ ತಂಡಕ್ಕೆ ಕೊಟ್ಟರೆ ಬೇಲಿಯು ಬಹಳ ಬಿಗಿಯಾಗುತ್ತದೆ.

ಆದರೂ ಸಲಹೆ ಕೊಡುವ ಹೊತ್ತಿನಲ್ಲಿ ಮನಸ್ಸು ಹಿಂಜರಿಯಿತು. ಲೆಕ್ಕವು ತಪ್ಪಾಗಿದ್ದರೆ? ತರಗತಿಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ನಾವಿಕರ ಪ್ರಾಣ. ಬ್ಲ್ಯಾಕೆಟ್ಟನು ತನ್ನನ್ನು ತಾನೇ ಹೀಗೆ ಪರೀಕ್ಷಿಸಿಕೊಂಡನೆಂದು ಮುಂದೆ ಬರೆದಿದ್ದಾನೆ: ತನ್ನ ಸ್ವಂತ ಮಕ್ಕಳನ್ನೇ ಈ ಅಪಾಯದ ಕಾಲದಲ್ಲಿ ಅಟ್ಲಾಂಟಿಕ್ ದಾಟಿಸಬೇಕಾದರೆ ಯಾವ ತಂಡದಲ್ಲಿ ಕಳುಹಿಸುವೆನು? ದೊಡ್ಡ ತಂಡದಲ್ಲಿಯೇ ಎಂದು ಮನಸ್ಸು ಉತ್ತರ ಕೊಟ್ಟಿತು. ಆಗ ಆತನು ಸಲಹೆ ಕೊಟ್ಟನು. 1943ರಲ್ಲಿ ದೊಡ್ಡ ತಂಡಗಳು ಹೊರಟವು, ಲೆಕ್ಕವು ನಿಜವಾಯಿತು. ಈ ಕೆಲಸವನ್ನು ಒಂದು ವರ್ಷ ಮೊದಲೇ ಮಾಡಿದ್ದರೆ ಇನ್ನೂ ಅನೇಕ ಹಡಗುಗಳು ಉಳಿಯುತ್ತಿದ್ದುವೆಂಬುದು ಆತನ ಕೊರಗಾಗಿತ್ತು.

ಒಪ್ಪಲಾಗದ ಲೆಕ್ಕ

ಬ್ಲ್ಯಾಕೆಟ್ಟನ ಲೆಕ್ಕಗಳೆಲ್ಲವೂ ಮನ್ನಣೆ ಪಡೆಯಲಿಲ್ಲ. 1942ರಲ್ಲಿ ಪ್ರಧಾನಿ ಚರ್ಚಿಲ್ಲರ ವಿಜ್ಞಾನ ಸಲಹೆಗಾರರಾದ ಲಾರ್ಡ್ ಚೆರ್ವೆಲ್ ಅವರು ಒಂದು ಯೋಜನೆಯನ್ನು ಮುಂದಿಟ್ಟರು. ಜರ್ಮನ್ ನಗರಗಳ ವಾಸದ ಮನೆಗಳ ಮೇಲೆ ಬಾಂಬು ಸುರಿಸಿ ಆ ದೇಶದ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲನ್ನು ನಿರಾಶ್ರಿತರನ್ನಾಗಿ ಮಾಡಿದರೆ ಶತ್ರುವಿನ ಧೈರ್ಯ ಕುಸಿಯುತ್ತದೆಂಬುದು ಅದರ ಸಾರ. ಬ್ಲ್ಯಾಕೆಟ್ಟನು ಲೆಕ್ಕವನ್ನು ಪರೀಕ್ಷಿಸಿ, ಹಾನಿಯ ಅಂದಾಜು ಆರು ಪಟ್ಟು ಹೆಚ್ಚಾಗಿದೆಯೆಂದನು. ಮತ್ತೊಬ್ಬ ವಿಜ್ಞಾನಿ ಟಿಜಾರ್ಡ್ ಬೇರೆಯಾಗಿಯೇ ಲೆಕ್ಕ ಹಾಕಿ ಐದು ಪಟ್ಟು ಎಂದನು. ದೋಷವೇನು? ಮುಂದೆ ತಯಾರಾಗಲಿರುವ ವಿಮಾನಗಳೆಲ್ಲವೂ ಆ ಅವಧಿಯೊಳಗೇ ತಮ್ಮ ಬಾಂಬುಗಳನ್ನೆಲ್ಲ ಸುರಿಸಿ ಮುಗಿಸುವುವೆಂದು ಭಾವಿಸಲಾಗಿತ್ತು. ಇನ್ನೂ ಹುಟ್ಟದ ಕರುವು ಹಸುವಾಗಿ ಕೊಡುವ ಹಾಲನ್ನು ಈ ವರ್ಷದ ಲೆಕ್ಕಕ್ಕೇ ಸೇರಿಸಿದಂತೆ ಇದು.

ಅವರ ಮಾತು ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ನಡೆದ ಪರಿಶೀಲನೆಯಲ್ಲಿ ಅಂದಾಜು ಹತ್ತು ಪಟ್ಟು ಹೆಚ್ಚಾಗಿದ್ದುದು ಕಂಡುಬಂದಿತು. ಅಷ್ಟರಲ್ಲಿ ಲಕ್ಷಾಂತರ ಜರ್ಮನ್ ನಾಗರಿಕರೂ, ಬ್ರಿಟನ್ನಿನ ಬಾಂಬರ್ ದಳದ ಸುಮಾರು 55,000 ವೈಮಾನಿಕರೂ ಸತ್ತಿದ್ದರು. ಆ ವಿಮಾನಗಳಲ್ಲಿ ಕೆಲವನ್ನು ಅಟ್ಲಾಂಟಿಕ್ಕಿನ ಕಾವಲಿಗೆ ಕೊಟ್ಟಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತೆಂದು ಬ್ಲ್ಯಾಕೆಟ್ಟನು ಕೊನೆಯವರೆಗೂ ವಾದಿಸಿದನು.

ಯುದ್ಧಾನಂತರ ಆತನು ಪರಮಾಣು ಬಾಂಬಿನ ಮೇಲೆಯೂ ಇದೇ ರೀತಿಯ ಲೆಕ್ಕ ಹಾಕಿದನು. ಬಾಂಬೊಂದರಿಂದಲೇ ಯುದ್ಧವನ್ನು ಗೆಲ್ಲಬಹುದೆಂಬ ನಂಬಿಕೆ ತಪ್ಪೆಂದೂ ಬ್ರಿಟನ್ ಅದನ್ನು ತಯಾರಿಸಕೂಡದೆಂದೂ ಸಾರಿ, 1948ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಫಲವಾಗಿ ಹಲವು ವರ್ಷಗಳ ಕಾಲ ಸರ್ಕಾರವು ಆತನ ಸಲಹೆಯನ್ನು ಕೇಳುವುದನ್ನೇ ಬಿಟ್ಟಿತು. ಲೆಕ್ಕಿಗನಿಗೆ ಇದೊಂದು ಪರೀಕ್ಷೆ. ಒಡೆಯನಿಗೆ ಹಿತವಾಗುವ ಉತ್ತರವನ್ನು ಕೊಡುವುದು ಸುಲಭ. ಲೆಕ್ಕವು ಕೊಟ್ಟ ಉತ್ತರವನ್ನೇ ಹೇಳಿ ಅದರ ಬೆಲೆಯನ್ನು ತೆರುವುದು ಕಷ್ಟ.

ಭಾರತಕ್ಕೆ ಬಂದ ಸಲಹೆಗಾರ

ತನ್ನ ದೇಶದಲ್ಲಿ ದೂರವಿಡಲ್ಪಟ್ಟ ಕಾಲದಲ್ಲಿಯೇ ಬ್ಲ್ಯಾಕೆಟ್ಟನಿಗೆ ಭಾರತದ ಕರೆ ಬಂದಿತು. 1947ರ ಜನವರಿಯಲ್ಲಿ ದೆಹಲಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಅಧಿವೇಶನಕ್ಕೆ ಆತನು ಬಂದಿದ್ದನು. ಅಲ್ಲಿ ಜವಾಹರಲಾಲ್ ನೆಹರೂ ಅವರು ಸೈನ್ಯದ ವಿಷಯವಾಗಿ ಆತನೊಡನೆ ಮಾತನಾಡಿದರು. ಮರುವರ್ಷ, 1948ರಲ್ಲಿ, ಬ್ಲ್ಯಾಕೆಟ್ಟನು ಭಾರತದ ಸೇನೆಯ ವೈಜ್ಞಾನಿಕ ಸಮಸ್ಯೆಗಳನ್ನು ಕುರಿತು ವರದಿಯೊಂದನ್ನು ಒಪ್ಪಿಸಿದನು. ದುಬಾರಿಯಾದ, ದಿನದಿನಕ್ಕೆ ಹಳತಾಗುವ ಆಯುಧಗಳಲ್ಲಿ ದೊಡ್ಡ ರಾಷ್ಟ್ರಗಳೊಡನೆ ಪೈಪೋಟಿ ಬೇಡ; ಪರಮಾಣು ಅಸ್ತ್ರದ ಹಂಬಲ ಬೇಡ; ಇರುವ ಹಣವನ್ನು ಎಲ್ಲಿ ಹಾಕಿದರೆ ಹೆಚ್ಚು ಫಲವೆಂದು ಲೆಕ್ಕ ಹಾಕಿ ನಡೆಯಬೇಕು ಎಂಬುದು ಆತನ ಮತವಾಗಿತ್ತು. ಅದೇ ವರ್ಷ ದೆಹಲಿ ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞ ಡಿ. ಎಸ್. ಕೊಠಾರಿಯವರು ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರಾದರು. ಅವರು ಕಟ್ಟಿದ ರಕ್ಷಣಾ ವಿಜ್ಞಾನ ಸಂಸ್ಥೆಯು 1958ರಲ್ಲಿ ಇತರ ಸಂಸ್ಥೆಗಳೊಡನೆ ಕೂಡಿ ಇಂದಿನ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಎಂದರೆ ಡಿ.ಆರ್.ಡಿ.ಒ., ಆಯಿತು. 1957ರಲ್ಲಿ ಭಾರತದ ಕಾರ್ಯಾಚರಣಾ ಸಂಶೋಧನಾ ಸಂಘವೂ ಸ್ಥಾಪನೆಯಾಯಿತು.

ಇನ್ನೊಂದು ಸಂಬಂಧವನ್ನೂ ಇಲ್ಲಿ ಹೇಳಬೇಕು. 1950ರ ದಶಕದಲ್ಲಿ ಬ್ಲ್ಯಾಕೆಟ್ಟನ ಸಂಶೋಧನಾ ತಂಡದವರು ದಖನ್ನಿನ ಕರಿಕಲ್ಲಿನ ಕಾಂತತ್ವವನ್ನು ಅಳೆದರು. ಆ ಬಂಡೆಗಳು ಹುಟ್ಟಿದ ಕಾಲದಲ್ಲಿ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದು, ಬಳಿಕ ಉತ್ತರಕ್ಕೆ ಸರಿದಿದೆಯೆಂಬುದಕ್ಕೆ ಅದರಿಂದ ಸಾಕ್ಷ್ಯ ದೊರೆಯಿತು. ಬ್ಲ್ಯಾಕೆಟ್ಟನು 1965ರಿಂದ 1970ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದು, 1974ರ ಜುಲೈ 13ರಂದು ತೀರಿಕೊಂಡನು.

ಗೌರಿಬಿದನೂರಿನ ಕಿವಿ

ಸೈನ್ಯದ ಲೆಕ್ಕವು ಶಾಂತಿಯ ಲೆಕ್ಕವೂ ಆಗಬಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. 1963ರಲ್ಲಿ ಆದ ಒಪ್ಪಂದವು ಗಾಳಿಯಲ್ಲಿ, ಅಂತರಿಕ್ಷದಲ್ಲಿ, ನೀರಿನೊಳಗೆ ಪರಮಾಣು ಪರೀಕ್ಷೆಗಳನ್ನು ನಿಷೇಧಿಸಿತು. ನೆಲದೊಳಗಿನ ಪರೀಕ್ಷೆಯನ್ನು ಬಿಟ್ಟಿತು. ಇದಕ್ಕೆ ಮುಖ್ಯವಾದ ಅಡ್ಡಿಯೆಂದರೆ, ಒಬ್ಬನು ಗುಟ್ಟಾಗಿ ನೆಲದೊಳಗೆ ಸ್ಫೋಟಿಸಿದರೆ ಅದನ್ನು ಭೂಕಂಪದಿಂದ ಬೇರ್ಪಡಿಸಿ ಹೇಳುವುದು ಹೇಗೆ ಎಂಬುದು. ಇಲ್ಲಿಯೂ ಪ್ರಶ್ನೆ ಹಳೆಯದೇ: ಗದ್ದಲದ ನಡುವೆ ನಿಜವಾದ ಸುದ್ದಿಯನ್ನು ಹಿಡಿಯುವ ಬಗೆ ಯಾವುದು?

ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ, ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆನಿಸಿರುವ ಟ್ರಾಂಬೆಯ ಸಂಸ್ಥೆಯು 1965ರಲ್ಲಿ ಗೌರಿಬಿದನೂರಿನ ಬಳಿ ಕಂಪನಮಾಪಕಗಳ ಸಾಲೊಂದನ್ನು ನೆಲೆಗೊಳಿಸಿತು. ಇದೇ ಬಗೆಯ ಸಾಲುಗಳು ಸ್ಕಾಟ್ಲೆಂಡ್, ಕೆನಡ, ಆಸ್ಟ್ರೇಲಿಯಗಳಲ್ಲಿಯೂ ಸ್ಥಾಪಿತವಾದವು. ಗೌರಿಬಿದನೂರಿನಲ್ಲಿ 20 ಮಾಪಕಗಳು, ಹೆಚ್ಚುಕಡಮೆ ಲಂಬವಾಗಿರುವ ಎರಡು ತೋಳುಗಳಲ್ಲಿ, ಸುಮಾರು ಎರಡೂವರೆ ಕಿಲೋಮೀಟರಿಗೆ ಒಂದರಂತೆ ಇಡಲ್ಪಟ್ಟಿವೆ. ಈ ಸೀಮೆಯ ನೆಲವು ಅತಿ ಪ್ರಾಚೀನವಾದ ಗಟ್ಟಿ ಬಂಡೆ, ಕಡಲೂ ದೂರ. ಆದುದರಿಂದ ಸೂಕ್ಷ್ಮವಾದ ಕಂಪನವೂ ಇಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಒಂದೇ ಮಾಪಕವು ಸಾಲದೇ? ಸಾಲದು. ನೆಲವು ಯಾವಾಗಲೂ ಸಣ್ಣಗೆ ನಡುಗುತ್ತಲೇ ಇರುತ್ತದೆ. ಗಾಳಿಗೆ ಮರ ಅಲುಗುತ್ತದೆ, ರೈಲು ಹೋಗುತ್ತದೆ, ದೂರದ ಕಡಲಲೆಗಳು ಬಡಿಯುತ್ತವೆ. ಈ ಗದ್ದಲವು ಒಂದೊಂದು ಮಾಪಕದಲ್ಲಿ ಒಂದೊಂದು ಬಗೆಯಾಗಿರುತ್ತದೆ. ಸ್ಫೋಟದ ತರಂಗವಾದರೋ ಎಲ್ಲದರಲ್ಲಿಯೂ ಒಂದೇ ಬಗೆ. ಇಪ್ಪತ್ತು ದಾಖಲೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ತರಂಗವು ಇದ್ದಂತೆಯೇ ಉಳಿಯುತ್ತದೆ. ಗದ್ದಲವು ಒಂದನ್ನೊಂದು ಕಳೆದುಕೊಂಡು 20ರ ವರ್ಗಮೂಲದಷ್ಟು, ಎಂದರೆ ಸುಮಾರು ನಾಲ್ಕೂವರೆ ಪಟ್ಟು, ತಗ್ಗುತ್ತದೆ.

ಆದರೆ ಸುಮ್ಮನೆ ಕೂಡಿಸಲಾಗದು. ತರಂಗವು ಎಲ್ಲ ಮಾಪಕಗಳನ್ನೂ ಒಂದೇ ಕ್ಷಣಕ್ಕೆ ತಲಪುವುದಿಲ್ಲ. ಅದು ಒಂದು ತೋಳಿನುದ್ದಕ್ಕೂ ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಓಡುವಂತೆ ಕಂಡರೆ, ಒಂದು ಮಾಪಕದಿಂದ ಮುಂದಿನದಕ್ಕೆ ಕಾಲು ಸೆಕೆಂಡ್ ತಡವಾಗುತ್ತದೆ. ಲಂಬವಾದ ಮತ್ತೊಂದು ತೋಳಿನ ಮಾಪಕಗಳೆಲ್ಲವೂ ಅದೇ ತರಂಗವನ್ನು ಒಟ್ಟಿಗೇ ಕೇಳುತ್ತವೆ. ಈ ತಡಗಳನ್ನು ಅಳೆದರೆ ತರಂಗವು ಬಂದ ದಿಕ್ಕೂ ದೂರದ ಅಂದಾಜೂ ದೊರೆಯುತ್ತವೆ. ತಡಗಳನ್ನು ಸರಿದೂಗಿಸಿ ಕೂಡಿಸಿದರೆ ಕ್ಷೀಣವಾದ ಧ್ವನಿಯೂ ಸ್ಪಷ್ಟವಾಗುತ್ತದೆ. ಸ್ಫೋಟವು ನೆಲವನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪವು ಕೆಲವು ಕಡೆ ತಳ್ಳಿ ಕೆಲವು ಕಡೆ ಎಳೆಯುತ್ತದೆ. ಒಂದೇ ಶಕ್ತಿಯ ಭೂಕಂಪಕ್ಕಿಂತ ಸ್ಫೋಟದಲ್ಲಿ ನೆಲದ ಮೇಲ್ಮೈಯಲ್ಲಿ ಸಾಗುವ ತರಂಗಗಳು ದುರ್ಬಲ. ಇಂಥ ಗುರುತುಗಳಿಂದ ಎರಡನ್ನೂ ಬೇರ್ಪಡಿಸುತ್ತಾರೆ. 1998ರ ಮೇ 28ರಂದು ಪಾಕಿಸ್ತಾನವು ಚಾಗೈ ಬೆಟ್ಟಗಳಲ್ಲಿ ನಡೆಸಿದ ಪರೀಕ್ಷೆಯನ್ನು ಗೌರಿಬಿದನೂರಿನ ಮಾಪಕಗಳು ದಾಖಲಿಸಿದುವು. ಇದೇ ಊರಿನ ಬಳಿ 1970ರ ದಶಕದಲ್ಲಿ ಸಾವಿರ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ ಕಟ್ಟಿದ ರೇಡಿಯೋ ದೂರದರ್ಶಕವೂ ಇದೇ ತತ್ತ್ವದಿಂದ ಆಕಾಶದ ಧ್ವನಿಯನ್ನು ಆಲಿಸಿತು.

ವಿದ್ಯಾರ್ಥಿಗೆ ಒಂದು ಮಾತು

ಈ ವಿದ್ಯೆಯು ಪರದೇಶದಿಂದಲೇ ಬಂದುದೆಂದು ಭಾವಿಸಬೇಕಾಗಿಲ್ಲ. ಹೆಸರು ಹುಟ್ಟುವ ಮೊದಲೇ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಇದೇ ದಾರಿಯಲ್ಲಿ ನಡೆದಿದ್ದರು. ಮುಂಬಯಿ ಪ್ರಾಂತದಲ್ಲಿ ಎಂಜಿನಿಯರಾಗಿದ್ದಾಗ, 1899ರ ಸುಮಾರಿಗೆ, ಅವರು ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ಹೊಸ ಅಣೆಕಟ್ಟಿನ ಮಾತಿರಲಿಲ್ಲ. ಇರುವ ನೀರನ್ನೇ ಗೊತ್ತುಪಡಿಸಿದ ಭೂಭಾಗಗಳಿಗೆ, ಬೆಳೆಗಳನ್ನು ಸರದಿಯಂತೆ ಬದಲಿಸಿ, ಹಂಚಿದರೆ ಹೆಚ್ಚು ಹಳ್ಳಿಗಳಿಗೆ ಪ್ರಯೋಜನವೆಂದು ಅವರು ಲೆಕ್ಕದಿಂದ ತೋರಿಸಿಕೊಟ್ಟರು. ನದಿಯ ನೀರಿನ ಆಸರೆ ಕಡಮೆಯಾದ, ಕೆರೆಗಳನ್ನು ನಂಬಿ ಬಾಳಿದ ನಮ್ಮ ಸೀಮೆಯವರಿಗೆ, ಇರುವುದನ್ನು ಅಳೆದು ಬಳಸುವ ಈ ವಿದ್ಯೆಗಿಂತ ಹತ್ತಿರವಾದುದು ಯಾವುದು?

ಇದನ್ನು ವೃತ್ತಿಯಾಗಿ ಕೈಕೊಳ್ಳಬಯಸುವವರು ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ಇಲ್ಲವೆ ಎಂಜಿನಿಯರಿಂಗಿನಲ್ಲಿ ಭದ್ರವಾದ ಬುನಾದಿಯನ್ನು ಹಾಕಿಕೊಳ್ಳಬೇಕು. ಸಂಭಾವ್ಯತೆಯ ಗಣಿತವನ್ನೂ ಗಣಕಯಂತ್ರದ ಬಳಕೆಯನ್ನೂ ಕಲಿಯಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಂಥ ಕಡೆಗಳಲ್ಲಿ ಉನ್ನತ ಶಿಕ್ಷಣವುಂಟು, ಡಿ.ಆರ್.ಡಿ.ಒ.ದಲ್ಲಿ ಈ ಕೆಲಸಕ್ಕೆಂದೇ ದೆಹಲಿಯಲ್ಲಿ ಒಂದು ಪ್ರಯೋಗಾಲಯವಿದೆ. ಆದರೆ ಪುಸ್ತಕದ ಗಣಿತಕ್ಕಿಂತ ಮೊದಲು ಬೇಕಾದುದು ಬ್ಲ್ಯಾಕೆಟ್ಟನಲ್ಲಿದ್ದ ಮೂರು ಗುಣಗಳು: ಕೆಲಸ ನಡೆಯುವ ಸ್ಥಳಕ್ಕೇ ಹೋಗಿ ಕಣ್ಣಾರೆ ನೋಡುವುದು, ಅಂಕಿಯು ಎಲ್ಲಿಂದ ಬಂದಿತೆಂದು ಕೇಳುವುದು, ಉತ್ತರವನ್ನು ಕೊಡುವ ಮೊದಲು, ತನ್ನ ಮಕ್ಕಳನ್ನೇ ಆ ಹಡಗಿನಲ್ಲಿ ಕೂರಿಸುವೆನೇ ಎಂದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು.

ಅಭ್ಯಾಸ

1. ಒಂದು ಎಕರೆಯ ಚೌಕ ಹೊಲದ ಬೇಲಿಗಿಂತ ಒಂಬತ್ತು ಎಕರೆಯ ಚೌಕ ಹೊಲದ ಬೇಲಿ ಎಷ್ಟು ಪಟ್ಟು ಉದ್ದ? ಒಂದೊಂದು ಎಕರೆಗೆ ಖರ್ಚಾಗುವ ತಂತಿ ಎಷ್ಟು ಪಾಲು ಕಡಮೆ?

2. ಗೌರಿಬಿದನೂರಿನಲ್ಲಿ 20ರ ಬದಲು 80 ಮಾಪಕಗಳಿದ್ದರೆ ಗದ್ದಲವು ಈಗಿನದಕ್ಕಿಂತ ಎಷ್ಟು ತಗ್ಗುತ್ತಿತ್ತು? ಮಾಪಕಗಳ ಖರ್ಚು ನಾಲ್ಕು ಪಟ್ಟಾದಾಗ ಈ ಲಾಭವು ಸಾಕೇ ಎಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.

3. ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಆರೋಗ್ಯ ಕೇಂದ್ರವಿರುವ ಹಳ್ಳಿಯಲ್ಲಿಯೇ ಜ್ವರದ ರೋಗಿಗಳ ಸಂಖ್ಯೆ ಹೆಚ್ಚೆಂದು ದಾಖಲೆ ಹೇಳುತ್ತದೆ. ಆ ಹಳ್ಳಿಯಲ್ಲಿ ರೋಗ ಹೆಚ್ಚೆಂದು ನಿರ್ಣಯಿಸಬಹುದೇ? ಕಡಲತೀರದ ಫಿರಂಗಿಗಳ ಕಥೆಯನ್ನು ನೆನೆದು ಉತ್ತರಿಸಿರಿ.